ಗದ್ದೆ ಇಲಿ ಮನೆ ಸೇರಿದರೆ ಬೆರಕೆ ತಳಿ ಹುಟ್ಟುತ್ತದೆಯೇ?

ಕಬ್ಬು ಕಡಿದ ಮೇಲೆ ಗದ್ದೆ ಇಲಿಗಳು ಮನೆಗೆ ನುಗ್ಗಿ, ಮನೆ ಇಲಿಗಳ ಜೊತೆ ಕೂಡಿ, ಪಾಷಾಣಕ್ಕೂ ಬಗ್ಗದ ತಳಿ ಹುಟ್ಟುತ್ತದೆಯೇ ಅಂತ ಕೇಳಿದ್ದೀರಿ. ನಾನು ನಾಗಮಂಗಲ ಕಡೆಯವನು, ಮಾನಸಗಂಗೋತ್ರಿಯಲ್ಲಿ ಪ್ರಾಣಿಶಾಸ್ತ್ರ ಓದಿದವನು. ಈ ಪ್ರಶ್ನೆ ನಮ್ಮೂರಲ್ಲೂ ಕೇಳುತ್ತಾರೆ.

ಹುಟ್ಟುವುದಿಲ್ಲ. ಬದುವಿನಲ್ಲಿ ಬಿಲ ತೋಡುವ ಪುಟ್ಟ ಇಲಿ ಮಸ್ ಬೂಡುಗಾ, ಮನೆಯ ಚಿಟ್ಟಿಲಿ ಮಸ್ ಮಸ್ಕ್ಯುಲಸ್. ಎರಡಕ್ಕೂ ಜೀನ್‌ಗಳನ್ನು ಹೊರುವ ವರ್ಣತಂತುಗಳು (ಕ್ರೋಮೋಸೋಮ್) 40 ಇದ್ದರೂ ವಂಶ ಕವಲೊಡೆದು ಹತ್ತಾರು ಲಕ್ಷ ವರ್ಷಗಳಾಗಿವೆ. ಸತ್ತ ಇಲಿ ಸಿಕ್ಕರೆ ಕೈಗೆ ಕವರ್ ಹಾಕಿಕೊಂಡು ಅಂಗಾತ ತಿರುಗಿಸಿ ನೋಡಿ. ಗದ್ದೆಯದಕ್ಕೆ ಹೊಟ್ಟೆ ಬೆಳ್ಳಗೆ, ಬಾಲ ಗಿಡ್ಡ. ಮನೆಯದಕ್ಕೆ ಬಾಲವೇ ಮೈಗಿಂತ ಉದ್ದ.

ಇನ್ನೊಂದು ಇಲಿಯಿದೆ, ಅದರ ಬಿಲ ಕಂಡರೆ ನನಗೆ ಇವತ್ತಿಗೂ ಖುಷಿ. ನಮ್ಮ ಹೊಲದ ಕೆಂಪು ಗರಸಿನ ದಿಣ್ಣೆಯಲ್ಲಿ ಕಡಲೆಕಾಳಿನ ಗಾತ್ರದ ಕಲ್ಲುಗಳ ಗುಡ್ಡೆ, ಅದರ ಹಿಂದೆ ಕಲ್ಲಿನಿಂದಲೇ ಮುಚ್ಚಿದ ಬಾಯಿ. ಒಳಗೆ ಮಲಗುವುದೂ ಕಲ್ಲಿನ ಹಾಸಿನ ಮೇಲೆ! ಧಾರವಾಡ ಸೀಮೆಯ ಪ್ರಾಣಿಗಳನ್ನು ಪಟ್ಟಿ ಮಾಡಿದ ವಾಲ್ಟರ್ ಎಲಿಯಟ್ 1839ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಮಸ್ ಪ್ಲಾಟಿಥ್ರಿಕ್ಸ್ ಅನ್ನುವ ಈ ಕಲ್ಲಿಲಿಗೆ ವರ್ಣತಂತುಗಳು 26 ಮಾತ್ರ.

ನಿಮ್ಮ ಅನುಮಾನ ಪೂರ್ತಿ ಸುಳ್ಳೂ ಅಲ್ಲ. ಸ್ಪೇನ್, ಜರ್ಮನಿಗಳಲ್ಲಿ ಮನೆ ಇಲಿಗಳು ಮಸ್ ಸ್ಪ್ರೆಟಸ್ ಅನ್ನುವ ಬೇರೆ ಜಾತಿಯಿಂದ ಒಂದು ಜೀನ್ ಪಡೆದಿರುವುದು 2011ರಲ್ಲಿ ಬೆಳಕಿಗೆ ಬಂತು. ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೊಲ್ಲುವ ವಾರ್ಫರಿನ್ ಆ ಜೀನ್ ಇರುವ ಇಲಿಗೆ ಸರಿಯಾಗಿ ನಾಟುವುದಿಲ್ಲ. ಅಂಥ ಬೆರಕೆಯ ಗಂಡುಗಳು ಬಂಜೆಯಾದರೂ ಹೆಣ್ಣುಗಳ ಮೂಲಕ ಜೀನ್ ದಾಟಿತು. ಅವೆರಡು ಜಾತಿಗಳು ಹತ್ತಿರದ ದಾಯಾದಿಗಳು, ನಮ್ಮ ಬೂಡುಗಾ ಅಷ್ಟು ಹತ್ತಿರವಲ್ಲ.

ನಮ್ಮ ದೇಶದ ಮನೆ ಇಲಿಗೆ ಬೇರೆ ಜಾತಿಯಿಂದ ಜೀನ್ ಸಾಲ ಪಡೆಯುವ ಅಗತ್ಯವೂ ಕಡಿಮೆ. ಹಿಮಾಚಲದ ಕಡೆ ಹಿಡಿದ, ಮನೆ ಇಲಿಯದೇ ಕ್ಯಾಸ್ಟೇನಿಯಸ್ ಎಂಬ ಉಪಜಾತಿಯ ಇಲಿಗಳಲ್ಲಿ ಡಿಎನ್‌ಎ ವೈವಿಧ್ಯ ಮನುಷ್ಯರದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಅಣ್ಣತಂಗಿಯರನ್ನೇ ಕೂಡಿಸಿ ತಲೆಮಾರುಗಟ್ಟಲೆ ಬೆಳೆಸಿದ ಲ್ಯಾಬ್‌ನ ಬಿಳಿ ಇಲಿಯನ್ನು ಇದರ ಪಕ್ಕ ಇಡಲೂ ಆಗದು.

ನಿಮ್ಮ ಮನೆಯಲ್ಲಿ ಪಾಷಾಣ ಕೆಲಸ ಮಾಡದಿರಲು ಬಹುಶಃ ಕಾರಣ ಬೇರೆ. ಜಿಂಕ್ ಫಾಸ್ಫೈಡ್ ಎಂಬ ಪಾಷಾಣ ಚೂರು ತಿಂದು ಬದುಕಿದ ಇಲಿ ಅದನ್ನು ಮತ್ತೆ ಮೂಸುವುದಿಲ್ಲ. ಅದಕ್ಕೇ ಮೊದಲ ಎರಡು ಮೂರು ದಿನ ವಿಷವಿಲ್ಲದ ನುಚ್ಚನ್ನೇ ಇಟ್ಟು ರೂಢಿ ಮಾಡಿಸುತ್ತಾರೆ. ಹೊಲದಲ್ಲಿ ಕಲ್ಲಿನ ಗುಡ್ಡೆಯ ಬಿಲ ಕಂಡರೆ ಮಾತ್ರ ದಯವಿಟ್ಟು ಅದರ ತಂಟೆಗೆ ಹೋಗಬೇಡಿ.