ಹಾಡು ಕಟ್ಟಿ ಹಾಡುವವರ ಪ್ರಶ್ನೆಗಳು

ಪ್ರಶ್ನೆ: ಗಿಟಾರ್ ಹಿಡಿದು ನಾನೇ ಬರೆದ ಕನ್ನಡ ಹಾಡುಗಳನ್ನು ಹಾಡುತ್ತೇನೆ. ದಕ್ಷಿಣ ಆಫ್ರಿಕಾದ ಆಫ್ರಿಕಾನ್ಸ್ ಭಾಷೆಯಲ್ಲಿ ಹೀಗೆ ಹಾಡಿಯೇ ಬದುಕುವವರು ಇದ್ದಾರೆಂದು ಓದಿದೆ. ಅದು ನಮಗಿಂತ ಸಣ್ಣ ಭಾಷೆ. ಅವರಿಗೆ ಹೇಗೆ ಸಾಧ್ಯವಾಯಿತು?
– ವಿದ್ಯಾಗಿರಿ, ಧಾರವಾಡ

ಉತ್ತರ: ಭಾಷೆ ಸಣ್ಣದು, ನಿಜ. ಅದನ್ನು ಮನೆಮಾತಾಗಿ ಆಡುವವರು ಸುಮಾರು 70 ಲಕ್ಷ. 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆಯವರ ಸಂಖ್ಯೆ 4 ಕೋಟಿ 37 ಲಕ್ಷ. ಆದರೆ ಅಲ್ಲಿಯೂ ಎಲ್ಲರೂ ಹಾಡಿನಿಂದಲೇ ಸಂಸಾರ ನಡೆಸಿದವರಲ್ಲ. ಅಲ್ಲಿನ ಬಹು ಒಳ್ಳೆಯ ಹಾಡುಕಾರರಲ್ಲಿ ಒಬ್ಬರಾದ ಕೂಸ್ ದು ಪ್ಲೆಸಿ (1945–1984) ವೃತ್ತಿಯಿಂದ ಪತ್ರಕರ್ತರು. 1979ರಲ್ಲಿ ಟಿವಿ ಧಾರಾವಾಹಿಯೊಂದಕ್ಕೆ ಅವರ ಹಾಡನ್ನು ಲೌರಿಕಾ ರೌಖ್ ಹಾಡಿದರು, ಹಾಡು ಮನೆಮನೆಗೆ ಮುಟ್ಟಿತು. ಬರೆದವರು ಒಬ್ಬರು, ಹೆಸರು ಮಾಡಿಸಿದ ದನಿ ಇನ್ನೊಬ್ಬರದು. ಇದನ್ನು ಗಮನದಲ್ಲಿಡಿ. ನಿಮ್ಮ ಹಾಡನ್ನು ನೀವೇ ಹಾಡಬೇಕೆಂದು ಹಟ ಹಿಡಿಯಬೇಡಿ.

ಯೊಹಾನೆಸ್ ಕೆರ್ಕೊರೆಲ್ ಕೂಡ ಪತ್ರಿಕೆಯಲ್ಲಿದ್ದವರೇ. ನಿಜ ಹೆಸರು ರಾಲ್ಫ್ ರಾಬಿ. 1989ರಲ್ಲಿ ಅವರು, ಕೂಸ್ ಕೊಂಬೈಸ್ ಮತ್ತು ಇತರರು ವರ್ಣಭೇದದ ಸರಕಾರವನ್ನು ಹೆಸರು ಹಿಡಿದು ಟೀಕಿಸುವ ಹಾಡುಗಳೊಂದಿಗೆ ‘ಫೂಲ್‌ಫ್ರೇ’ ಎಂಬ ಪ್ರವಾಸ ಹೊರಟರು. ಸರಕಾರಿ ರೇಡಿಯೊ ಹಾಡುಗಳನ್ನು ನಿಷೇಧಿಸಿತು, ಸ್ಟೆಲೆನ್‌ಬಾಷ್ ವಿಶ್ವವಿದ್ಯಾಲಯ ತನ್ನ ಆವರಣದಲ್ಲಿ ಅವಕಾಶ ಕೊಡಲಿಲ್ಲ. ಆದರೂ ಊರೂರು ತಿರುಗಿ ಕೇಳುಗರನ್ನು ಗಳಿಸಿದರು. 1995ರಲ್ಲಿ ಔಟ್ಸ್‌ಹೂರ್ನ್ ಎಂಬ ಊರಲ್ಲಿ ಕ್ಲೇನ್ ಕರೂ ಕಲಾ ಉತ್ಸವ ಶುರುವಾಯಿತು. ಉಷ್ಟ್ರಪಕ್ಷಿ ಸಾಕಣೆಗೆ ಹೆಸರಾದ ಆ ಊರು ದೊಡ್ಡ ಶಹರವೇನಲ್ಲ. ಆದರೆ ಉತ್ಸವದಲ್ಲಿ ಜನ ಟಿಕೆಟ್ ತೆಗೆಸಿ ಹಾಡು ಕೇಳುತ್ತಾರೆ. ಟಿಕೆಟ್ ಇರುವ ವೇದಿಕೆ ಮತ್ತು ಬರೆದ ಹಾಡಿನ ಹಕ್ಕು, ಇವೆರಡೂ ಕೈಯಲ್ಲಿದ್ದುದರಿಂದಲೇ ಅವರು ನಿಂತರು ಎಂಬುದು ನಮ್ಮ ಖಚಿತ ಅಭಿಪ್ರಾಯ.

ನಮ್ಮ ಕಡೆ ಸುಗಮ ಸಂಗೀತವೆಂದರೆ ಉಚಿತ ಪ್ರವೇಶ ಎಂಬ ರೂಢಿ ಬೇರೂರಿದೆ. ಅದನ್ನು ಸಣ್ಣದರಿಂದ ಮುರಿಯಬೇಕು. 80 ಜನ ಹಿಡಿಸುವ ಜಾಗ ಹಿಡಿಯಿರಿ. ಬಾಡಿಗೆ, ಸೌಂಡ್, ತಬಲಾದವರ ಸಂಭಾವನೆ ಎಲ್ಲ ಕೂಡಿಸಿ, ಬಂದ ಮೊತ್ತವನ್ನು 80ರಿಂದಲ್ಲ, 40ರಿಂದ ಭಾಗಿಸಿ. ಖರ್ಚು ₹6,000 ಆದರೆ ಟಿಕೆಟ್ ₹150. ಅರ್ಧ ಕುರ್ಚಿ ತುಂಬಿದರೂ ಕೈಯಿಂದ ಹೋಗುವುದಿಲ್ಲ. 12 ಹಾಡು, ನಡುವೆ ಮಾತು, ಒಟ್ಟು 65–70 ನಿಮಿಷ ಸಾಕು. ಕೇಳದ ಹೊಸ ಹಾಡುಗಳನ್ನೇ ಸಾಲಾಗಿ ಹಾಡಿದರೆ ನಾಲ್ಕನೆಯದಕ್ಕೆ ಜನ ಮೊಬೈಲ್ ತೆಗೆಯುತ್ತಾರೆ. ನಿಮ್ಮವು ಎರಡು ಆದ ಮೇಲೆ ಎಲ್ಲರಿಗೂ ಗೊತ್ತಿರುವ ಒಂದು ತತ್ವಪದ ಬರಲಿ.

ಪ್ರಶ್ನೆ: ಶರೀಫರ ಪದ, ಬೇಂದ್ರೆಯವರ ಕವಿತೆ ಹಾಡಿ ಯೂಟ್ಯೂಬಿಗೆ ಹಾಕಿದೆ. ಶರೀಫರ ಹಾಡಿಗೇ ಕಾಪಿರೈಟ್ ಕ್ಲೇಮ್ ಬಂತು. ಅವರು ತೀರಿಹೋಗಿ ನೂರು ವರ್ಷದ ಮೇಲಾಯಿತಲ್ಲ?
– ಶಿಗ್ಗಾವಿ, ಹಾವೇರಿ ಜಿಲ್ಲೆ

ಉತ್ತರ: ಒಂದು ಹಾಡಿನಲ್ಲಿ ಮೂರು ಹಕ್ಕು ಇರುತ್ತವೆ: ಸಾಹಿತ್ಯ, ರಾಗ ಸಂಯೋಜನೆ, ಧ್ವನಿಮುದ್ರಣ. ನಿಮ್ಮ ತಾಲೂಕಿನವರೇ ಆದ ಶರೀಫರು (1819–1889) ಬರೆದ ಸಾಹಿತ್ಯ ಎಲ್ಲರದು. ಆದರೆ ನೀವು ಹಾಡಿದ ಧಾಟಿ ಸಿ. ಅಶ್ವತ್ಥ್ ಕಟ್ಟಿದ್ದಾದರೆ ಅದು ಎಲ್ಲರದಲ್ಲ. ಭಾರತದಲ್ಲಿ ಕರ್ತೃ ತೀರಿದ ಮುಂದಿನ ಜನವರಿಯಿಂದ 60 ವರ್ಷ ಹಕ್ಕು ಇರುತ್ತದೆ. ಅಶ್ವತ್ಥರು ತೀರಿದ್ದು 2009ರಲ್ಲಿ, ಆದ್ದರಿಂದ ಆ ಸಂಯೋಜನೆಗಳ ಹಕ್ಕು 2069ರ ಕೊನೆಯವರೆಗೆ. ಬೇಂದ್ರೆಯವರು ತೀರಿದ್ದು 1981ರಲ್ಲಿ, ಕವಿತೆಗಳ ಹಕ್ಕು 2041ರ ಕೊನೆಯವರೆಗೆ. ಅವುಗಳಿಗೆ ರಾಗ ನಿಮ್ಮದೇ ಆದರೂ ವಾರಸುದಾರರ ಲಿಖಿತ ಒಪ್ಪಿಗೆ ಬೇಕು. ಕರೋಕೆ ಟ್ರ್ಯಾಕ್ ಹಾಕಿಕೊಂಡು ಹಾಡಿದ್ದರೆ ಮೂರನೆಯ ಹಕ್ಕಿನ ಕ್ಲೇಮೂ ಬರುತ್ತದೆ. ನಮಗೆ ಬರುವ ದೂರುಗಳಲ್ಲಿ ಹೆಚ್ಚಿನವು ಈ ಬಗೆಯವೇ.

ದಾರಿ ಇದೆ. ಶರೀಫರ ಪದಕ್ಕೆ ನಿಮ್ಮ ಊರ ಭಜನಾ ಮೇಳದಲ್ಲಿ ಹಿಂದಿನಿಂದ ಬಂದ ಮಟ್ಟನ್ನು ಹಿಡಿಯಿರಿ, ಇಲ್ಲವೆ ಹೊಸದಾಗಿ ರಾಗ ಹಾಕಿ. ಕವಿತೆಗೆ ಹೊಸ ರಾಗ ಕಟ್ಟಿಯೇ ಹೆಸರು ಮಾಡಿದವರು ಆಫ್ರಿಕಾನ್ಸಿನಲ್ಲೂ ಇದ್ದಾರೆ. ಇಂಗ್ಲಿಷ್ ರಾಕ್ ತಂಡದಲ್ಲಿದ್ದ ಕ್ರಿಸ್ ಕಮೀಲಿಯನ್ 2005ರಲ್ಲಿ ಕವಯಿತ್ರಿ ಇಂಗ್ರಿಡ್ ಯೋಂಕರ್ (1933–1965) ಅವರ ಕವಿತೆಗಳದೇ ಒಂದು ಇಡೀ ಆಲ್ಬಂ ಮಾಡಿದರು. ಅಲ್ಲಿ ಅವಧಿ ಕರ್ತೃ ತೀರಿದ ಮೇಲೆ 50 ವರ್ಷ, ಅಂದರೆ ಆಗಿನ್ನೂ ಆ ಕವಿತೆಗಳಿಗೆ ಹಕ್ಕಿತ್ತು. ಇನ್ನು ಜಾತ್ರೆಯ ವೇದಿಕೆಯ ವಿಷಯ: ಹವ್ಯಾಸಿ ತಂಡ ಹಣ ಕೊಡದ ಪ್ರೇಕ್ಷಕರ ಮುಂದೆ ಹಾಡುವುದಕ್ಕೆ, ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಹಾಡುವುದಕ್ಕೆ ನಮ್ಮ ಕಾಪಿರೈಟ್ ಕಾಯ್ದೆಯ 52ನೇ ಕಲಮಿನಲ್ಲಿ ವಿನಾಯಿತಿ ಇದೆ. ಯೂಟ್ಯೂಬಿಗೆ ಇದು ಅನ್ವಯಿಸದು.

ಪ್ರಶ್ನೆ: ಒಂದು ಆಡಿಯೊ ಕಂಪನಿಯವರು ನನ್ನ ಎಂಟು ಹಾಡಿಗೆ ಒಮ್ಮೆಗೇ ಹಣ ಕೊಟ್ಟು ‘ಸಂಪೂರ್ಣ ಹಕ್ಕು, ಶಾಶ್ವತವಾಗಿ’ ಎಂದು ಬರೆದ ಕಾಗದಕ್ಕೆ ಸಹಿ ಕೇಳುತ್ತಿದ್ದಾರೆ. ಮಾಡಲೋ ಬೇಡವೋ?
– ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಹಾಗೇ ಮಾಡಬೇಡಿ. ಕಾಗದದಲ್ಲಿ ಹಾಡುಗಳ ಹೆಸರು, ಯಾವ್ಯಾವ ಹಕ್ಕು, ಎಷ್ಟು ವರ್ಷ, ಯಾವ ದೇಶ, ರಾಯಲ್ಟಿ ಎಷ್ಟು ಎಂದು ಬೇರೆಬೇರೆಯಾಗಿ ಬರೆಸಿ. ವರ್ಷ ಬರೆಯದಿದ್ದರೆ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಸ್ತಾಂತರ ಐದು ವರ್ಷಕ್ಕೆ ಮಾತ್ರ, ದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ‘ಶಾಶ್ವತ’ ಎಂಬ ಒಂದೇ ಪದ ಈ ರಕ್ಷಣೆಯನ್ನು ಕಿತ್ತುಕೊಳ್ಳುತ್ತದೆ, ಅದಕ್ಕೇ ಅದನ್ನು ಬರೆದಿರುತ್ತಾರೆ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ ಹಸ್ತಾಂತರ ಬಿದ್ದುಹೋಗುತ್ತದೆ. ‘ಬಳಸದಿದ್ದರೂ ಹಕ್ಕು ಉಳಿಯುತ್ತದೆ’ ಎಂಬ ಸಾಲು ಕಂಡರೆ ಅಲ್ಲಿಯೇ ಹೊಡೆದುಹಾಕಿಸಿ. 2012ರ ತಿದ್ದುಪಡಿಯಿಂದ ಬರೆದವರ, ರಾಗ ಹಾಕಿದವರ ರಾಯಲ್ಟಿ ಪಾಲಿಗೆ ರಕ್ಷಣೆ ಸಿಕ್ಕಿದೆ. ಆ ಪಾಲು ವಸೂಲಾಗಲು, ರಾಯಲ್ಟಿ ಸಂಗ್ರಹಿಸಿ ಹಂಚುವ ಸಂಸ್ಥೆಯಾದ ಐಪಿಆರ್‌ಎಸ್‌ನ ಸದಸ್ಯತ್ವ ಬೇಕು. ಸದಸ್ಯರಾಗಿ ಸುಮ್ಮನೆ ಕುಳಿತರೆ ಒಂದು ಪೈಸೆಯೂ ಬಾರದು. ಪ್ರತಿ ಹಾಡಿನ ಹೆಸರು, ಸಾಹಿತ್ಯದವರ ಪಾಲು, ಸಂಗೀತದವರ ಪಾಲು ನೋಂದಾಯಿಸಿದ ಮೇಲೆಯೇ ಲೆಕ್ಕಕ್ಕೆ ಬರುವುದು.

ಕಾಪಿರೈಟ್ ನೋಂದಣಿ ಕಡ್ಡಾಯವಲ್ಲ, ಹಾಡು ಬರೆದಿಟ್ಟ ಕೂಡಲೇ ಹಕ್ಕು ಹುಟ್ಟುತ್ತದೆ. ಆದರೂ ಮುಖ್ಯ ಹಾಡುಗಳನ್ನು ಮಾಡಿಸಿಡಿ. ಸಾಹಿತ್ಯಕ್ಕೆ ₹500, ಸಂಗೀತಕ್ಕೆ ₹500, ಧ್ವನಿಮುದ್ರಣಕ್ಕೆ ₹2,000 ಶುಲ್ಕ.

ಪ್ರಶ್ನೆ: ಗಿಟಾರ್ ಮೊಬೈಲ್ ಟ್ಯೂನರ್ ಹಚ್ಚಿ ಸರಿಯಾಗೇ ಕೂಡಸ್ತೀನ್ರಿ. ಹಾರ್ಮೋನಿಯಂ ಸುರು ಆದ ಕೂಡ್ಲೇ ಅಪಸ್ವರ. ಯಾಕ್ರಿ?
– ಗದಗ

ಉತ್ತರ: ಟ್ಯೂನರ್ 440 ಹರ್ಟ್ಸ್ ಲೆಕ್ಕದಲ್ಲಿರುತ್ತದೆ, ಹಳೆಯ ಹಾರ್ಮೋನಿಯಂ ಪೆಟ್ಟಿಗೆಗಳ ರೀಡು (ನಾದ ಹೊರಡಿಸುವ ಲೋಹದ ಪಟ್ಟಿ) ಹಾಗಿರುವುದಿಲ್ಲ. ರೀಡನ್ನು ವೇದಿಕೆಯಲ್ಲಿ ತಿದ್ದಲಾಗದು, ಗಿಟಾರೇ ಬಗ್ಗಬೇಕು. ಹಾರ್ಮೋನಿಯಮ್ಮಿನ ಮಧ್ಯ ಸಪ್ತಕದ ಬಿಳಿ 6 (ಆರನೇ ಬಿಳಿ ಕೀ) ಒತ್ತಿ ಹಿಡಿಯಲು ಹೇಳಿ, ಮೊಬೈಲಿನಲ್ಲಿ ಎಷ್ಟು ಬರುತ್ತದೆ ನೋಡಿ. 444 ಬಂದರೆ ಟ್ಯೂನರಿನ ಸೆಟ್ಟಿಂಗನ್ನು 444ಕ್ಕೆ ಇಟ್ಟು ಆರೂ ತಂತಿ ಕೂಡಿಸಿ. ಕ್ಯಾಪೊ (ತಂತಿಗಳನ್ನು ಅದುಮಿ ಶ್ರುತಿ ಏರಿಸುವ ಕ್ಲಿಪ್ಪು) ಹಾಕಿದ ಮೇಲೆ ಮತ್ತೊಮ್ಮೆ ನೋಡಿ, ಅದರ ಬಿಗಿಗೆ ತಂತಿಗಳು ತುಸು ಏರುತ್ತವೆ.

ಗಾಯಕರು ತಮ್ಮ ಶ್ರುತಿ ಕರಿ 1 (ಮೊದಲ ಕರಿ ಕೀ) ಎಂದರೆ ಗಿಟಾರಿನ ಮೊದಲ ಮನೆಗೆ (ಫ್ರೆಟ್) ಕ್ಯಾಪೊ, ಕಾರ್ಡು ಸಿ ಶೇಪ್. ಕರಿ 4ಕ್ಕೆ ಮೊದಲ ಮನೆ, ಜಿ ಶೇಪ್. ಕರಿ 5ಕ್ಕೆ ಮೂರನೇ ಮನೆ, ಜಿ ಶೇಪ್.

ಶ್ರುತಿ ಕೂಡಿದರೂ ಅಪಸ್ವರವೆನಿಸಿದರೆ ತಪ್ಪು ಕಾರ್ಡಿನಲ್ಲಿರುತ್ತದೆ. ಭೂಪ ರಾಗದ ಹಾಡಿಗೆ ಸಿ ಶೇಪಿನಲ್ಲಿ ಎಫ್ ಹಿಡಿದರೆ ಮಧ್ಯಮ ನುಗ್ಗುತ್ತದೆ, ಜಿ ಹಿಡಿದರೆ ನಿಷಾದ. ಭೂಪದಲ್ಲಿ ಅವೆರಡೂ ಇಲ್ಲ. ಸಿ ಮತ್ತು ಎ ಮೈನರ್ ಸಾಕು. ಜಿ ಬೇಕೇ ಬೇಕೆನಿಸಿದರೆ ಒಂದು, ಎರಡು, ಆರನೇ ತಂತಿಗಳನ್ನು ಕ್ಯಾಪೊದಿಂದ ಮೂರನೇ ಮನೆಯಲ್ಲಿ ಒತ್ತಿ, ಮೂರು, ನಾಲ್ಕನ್ನು ಬಿಟ್ಟು ನುಡಿಸಿ. ಐದನೇ ತಂತಿ ಮಾತ್ರ ಬೆರಳಿನ ಬದಿ ತಾಗಿ ಮೂಕವಾಗಿರಲಿ.