ಸಿಂಧು ಫೋನ್ ವಾಪಸ್ ಬಂದಿತ್ತಲ್ವಾ?

ದಾವಣಗೆರೆಯ ತಾಯಿಯೊಬ್ಬರು ಬರೆದಿದ್ದಾರೆ: "ಮಗಳು ಒಂಬತ್ತನೇ ಕ್ಲಾಸು. 800 ಮೀಟರ್ ಓಡುತ್ತಾಳೆ. ಬೆಳಿಗ್ಗೆ 5ಕ್ಕೆ ಏಳಬೇಕು. ಆದರೆ ರಾತ್ರಿ ಹನ್ನೊಂದೂವರೆ ತನಕ ಹೊದಿಕೆಯೊಳಗೆ ಫೋನು. ಬೈದರೆ 'ಸರ್ ಮೆಸೇಜ್ ಹಾಕ್ತಾರೆ, ನೋಡ್ಬೇಕು' ಅಂತಾಳೆ. ಬ್ಯಾಡ್ಮಿಂಟನ್ ಕೋಚ್ ಗೋಪಿಚಂದ್ ಅವರು ತಮ್ಮ ಶಿಷ್ಯೆ ಪಿ.ವಿ. ಸಿಂಧು ಫೋನನ್ನೇ ಕಿತ್ತಿಟ್ಟಿದ್ದರಂತೆ. ನಾನೂ ಹಾಗೇ ಮಾಡಲಾ?"

ಸಂಪಾದಕರ ಉತ್ತರ:

ಅಮ್ಮಾ, ಆ ಕತೆ ನಿಜ. 2016ರ ರಿಯೊ ಒಲಿಂಪಿಕ್ಸ್‌ಗೆ ಮುಂಚೆ ಸುಮಾರು 3 ತಿಂಗಳು ಸಿಂಧು ಕೈಯಲ್ಲಿ ಫೋನ್ ಇರಲಿಲ್ಲ. ಬೆಳ್ಳಿ ಬಂದ ಮೇಲೆ, ಮೊದಲು ಅವಳ ಫೋನ್ ವಾಪಸ್ ಕೊಡುತ್ತೇನೆ ಎಂದು ಗೋಪಿಚಂದ್ ಅವರೇ ಹೇಳಿದ್ದರು. ಐಸ್‌ಕ್ರೀಮಿಗೂ ಆಮೇಲೆಯೇ ಅನುಮತಿ. ನಾವು ಮಾತ್ರ ಫೋನ್ ಹೋಯಿತು, ಪದಕ ಬಂತು ಅನ್ನುವಷ್ಟನ್ನೇ ನೆನಪಿಟ್ಟುಕೊಂಡಿದ್ದೇವೆ. ಸಿಂಧುಗೆ ಆಗ 21 ವರ್ಷ. ಎದುರಿಗಿದ್ದದ್ದು ಒಂದು ಕೂಟ, ಅದು ಮುಗಿಯುವ ದಿನವೂ ಗೊತ್ತಿತ್ತು. ನಿಮ್ಮ ಮಗಳ ಓಟ ಈಗಷ್ಟೇ ಶುರು. ಎಷ್ಟು ವರ್ಷ ಅಂತ ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತೀರಿ?

ಅದೂ ಅಲ್ಲದೆ ಅವಳಿಗೆ ಫೋನ್ ಬೇಕು. ತನ್ನ ಓಟದ ವಿಡಿಯೊ ನಿಧಾನವಾಗಿ ಓಡಿಸಿ ನೋಡಿದರೆ ಭುಜ ಎಲ್ಲಿ ಬಿಗಿಯಾಗುತ್ತಿದೆ, ಕಾಲು ಹೇಗೆ ಬೀಳುತ್ತಿದೆ ಅಂತ ಅವಳಿಗೇ ಕಾಣುತ್ತದೆ. ನಮ್ಮ ಕಾಲದಲ್ಲಿ ಮೇಷ್ಟ್ರು ಕೂಗಿ ಹೇಳಿದ್ದೇ ಗತಿ.

ನನಗೆ ಚಿಂತೆಯಾದದ್ದು ನಿಮ್ಮ ಪತ್ರದ ಗಂಟೆಗಳನ್ನು ಕೂಡಿಸಿದಾಗ. ಹನ್ನೊಂದೂವರೆಗೆ ಮಲಗಿ 5ಕ್ಕೆ ಎದ್ದರೆ ಐದೂವರೆ ಗಂಟೆ ನಿದ್ದೆ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ಬೇಕು ಅನ್ನುತ್ತಾರೆ ನಿದ್ರಾ ತಜ್ಞರು. ಲಾಸ್ ಏಂಜಲೀಸ್‌ನಲ್ಲಿ ಆಟವಾಡುವ 112 ಶಾಲಾ ಮಕ್ಕಳನ್ನು ವಿಚಾರಿಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. 8 ಗಂಟೆಗಿಂತ ಕಡಿಮೆ ಮಲಗುವವರಿಗೆ ಗಾಯವಾಗುವ ಸಾಧ್ಯತೆ ಉಳಿದವರಿಗಿಂತ 1.7 ಪಟ್ಟು ಇತ್ತು. ನಿದ್ದೆಯೊಂದೇ ಕಾರಣ ಅನ್ನೋಕಾಗದು. ಆದರೂ ಓಡುವ ಹುಡುಗಿಯ ಮನೆಯಲ್ಲಿ ಈ ಲೆಕ್ಕ ಗೊತ್ತಿರಬೇಕು. ಇದನ್ನು ಬೈಗುಳದ ಜೊತೆ ಹೇಳಬೇಡಿ. ಟೈಮಿಂಗ್ ಲೆಕ್ಕ ಹಾಕುವ ಹುಡುಗಿ, ನಿದ್ದೆಯ ಲೆಕ್ಕವೂ ಅವಳಿಗೆ ಅರ್ಥವಾಗುತ್ತದೆ.

ಇನ್ನು 'ಸರ್ ಮೆಸೇಜ್ ಹಾಕ್ತಾರೆ' ಅನ್ನುವ ಮಾತು. ಅದು ನೆಪ ಅಂತ ನಿಮಗನಿಸಿದೆ. ನನಗೆ ಹಾಗನಿಸಲಿಲ್ಲ. ನಾಳೆ ಎಷ್ಟು ಹೊತ್ತಿಗೆ ಬರಬೇಕು, ಯಾವ ಗ್ರೌಂಡು ಅನ್ನುವುದು ರಾತ್ರಿ ಹತ್ತೂವರೆಗೆ ಗ್ರೂಪಿಗೆ ಬಂದರೆ ಮಗು ಫೋನ್ ಹೇಗೆ ಕೆಳಗಿಡಬೇಕು? ಹಾಗಾಗಿ ಮೊದಲು ಮಾತಾಡಬೇಕಾದದ್ದು ಕೋಚ್ ಹತ್ತಿರ. ಸಂಜೆ 7ರೊಳಗೆ ಹಾಕಿ ಸರ್, ತಡವಾದರೆ ನನ್ನ ಫೋನಿಗೆ ಹಾಕಿ ಅಂತ ಕೇಳಿ. ನಾಲ್ಕು ಪೋಷಕರು ಒಟ್ಟಿಗೆ ಕೇಳಿದರೆ ಇನ್ನೂ ಒಳ್ಳೆಯದು. ಚಿಕ್ಕ ಹೆಣ್ಣುಮಕ್ಕಳಿಗೆ ರಾತ್ರಿ ಹೊತ್ತು ದೊಡ್ಡವರು ಒಂಟಿಯಾಗಿ ಮೆಸೇಜ್ ಕಳಿಸದಿರುವುದು ಬೇರೆ ಕಾರಣಗಳಿಗೂ ಒಳ್ಳೆಯದು, ಅಲ್ವಾ?

ಆಮೇಲೆ ಚಾರ್ಜರ್. ಅದು ಹಾಲ್‌ನಲ್ಲಿರಲಿ. ಒಂಬತ್ತೂವರೆಗೆ ಮನೆಯವರೆಲ್ಲರ ಫೋನೂ ಅಲ್ಲಿಗೆ, ನಿಮ್ಮದೂ ನಿಮ್ಮ ಯಜಮಾನರದೂ ಸೇರಿ. 'ಅಲಾರಂ ಬೇಕು' ಅಂದರೆ ಒಂದು ಅಲಾರಂ ಗಡಿಯಾರ ತಂದುಕೊಡಿ. (ಇದನ್ನು ಬರೆಯುವ ನಾನೂ ದಿಂಬಿನ ಪಕ್ಕ ಫೋನಿಟ್ಟುಕೊಂಡೇ ಮಲಗುವವನು. ನನ್ನ ಮಾತು ನನಗೂ ಸೇರಿದ್ದು.)

ಕೂಟದ ದಿನ ಇನ್ನೊಂದು ತೊಂದರೆ. ಹೀಟ್ಸ್ (ಫೈನಲ್‌ಗೆ ಆರಿಸುವ ಓಟ) ಬೆಳಿಗ್ಗೆ, ಫೈನಲ್ ಮಧ್ಯಾಹ್ನ. ನಡುವೆ ಶಾಮಿಯಾನದ ಕೆಳಗೆ ಮಕ್ಕಳೆಲ್ಲ ರೀಲ್ಸ್ ನೋಡುತ್ತಾ ಕೂತಿರುತ್ತಾರೆ. ಬ್ರೆಜಿಲ್‌ನಲ್ಲಿ ಫುಟ್‌ಬಾಲ್ ಆಟಗಾರರಿಗೆ ಪಂದ್ಯಕ್ಕೆ ಮುಂಚೆ ಅರ್ಧ ಗಂಟೆ ಫೋನ್ ಕೊಟ್ಟು ನೋಡಿದ್ದರು. ಪಾಸ್ ಯಾರಿಗೆ ಕೊಡಬೇಕು ಅನ್ನುವ ತೀರ್ಮಾನದಲ್ಲಿ ಅವರು ಎಡವಿದರು. 800 ಮೀಟರ್‌ನಲ್ಲೂ ಬರೀ ಕಾಲಿಗೆ ಕೆಲಸ ಅಲ್ಲ. ಮೊದಲ ತಿರುವು ದಾಟಿ ಲೇನ್ ಬಿಟ್ಟ ಕೂಡಲೇ ಒಳಗೆ ನುಗ್ಗಬೇಕಾ, ಹಿಂದೆ ಉಳಿಯಬೇಕಾ, ಎರಡನೇ ಸುತ್ತಿನಲ್ಲಿ ಎಲ್ಲಿ ಜೋರು ಹೆಚ್ಚಿಸಬೇಕು, ಎಲ್ಲ ಕ್ಷಣದಲ್ಲಿ ಆಗಬೇಕು. ಸುಮ್ನೆ ಗೆಳತಿಯರ ಜೊತೆ ಹರಟಲಿ, ಕಣ್ಣು ಮುಚ್ಚಿ ಮಲಗಲಿ.

ಸೋತ ದಿನ ಫೋನ್ ಬಗ್ಗೆ ಮಾತೇ ಎತ್ತಬೇಡಿ. 'ಫೋನ್ ನೋಡಿದ್ದಕ್ಕೇ ಸೋತೆ' ಅಂತ ಒಂದು ಸಲ ಅಂದರೂ, ಮುಂದಿನ ಸಲ ಕಮೆಂಟಿನಲ್ಲಿ ಯಾರೋ ಹೀಯಾಳಿಸಿದ್ದನ್ನು ಅವಳು ನಿಮಗೆ ತೋರಿಸುವುದಿಲ್ಲ.

ಮುಂದಿನ ತಿಂಗಳು ಜಿಲ್ಲಾ ಕೂಟ ಅಂದಿದ್ದೀರಿ. ಟೈಮಿಂಗ್ ಎಷ್ಟು ಬಂತು ಅಂತ ಅವಳ ಕೈಯಲ್ಲೇ ಬರೆಸಿ ಕಳಿಸಿ.