ಟ್ರಿಪನೋಸೋಮಾ ಎಂಬ ಏಕಕೋಶ ಪರಾವಲಂಬಿ ಇಬ್ಭಾಗವಾಗುವಾಗ ಮೈಟೊಕಾಂಡ್ರಿಯದ (ಕೋಶಕ್ಕೆ ಶಕ್ತಿ ಒದಗಿಸುವ ಭಾಗದ) ಡಿಎನ್‌ಎ ಎರಡೂ ಮರಿಕೋಶಗಳಿಗೆ ಹೇಗೆ ಸಿಗುತ್ತದೆ?

ಕಶಾಂಗವೇ, ಅಂದರೆ ಈಜಲು ಬಳಸುವ ಬಾಲವೇ, ಅದನ್ನು ಹಂಚಿಕೊಡುತ್ತದೆ.

ನಮ್ಮ ಬಹುತೇಕ ಜೀವಕೋಶಗಳಲ್ಲಿ ಮೈಟೊಕಾಂಡ್ರಿಯದ ಡಿಎನ್‌ಎ ಪ್ರತಿಗಳು ನೂರಾರು, ಸಾವಿರಾರು. ಹಂಚಿಕೆ ತುಸು ಹೆಚ್ಚುಕಡಿಮೆಯಾದರೂ ನಡೆಯುತ್ತದೆ. ನಿದ್ರಾರೋಗ ತರುವ ಟ್ರಿಪನೋಸೋಮಾ ಬ್ರೂಸಿಗೆ ಇರುವುದು ಒಂದೇ ಮೈಟೊಕಾಂಡ್ರಿಯ. ಅದರ ಡಿಎನ್‌ಎ ಕೂಡ ಒಂದೇ ಬಲೆ: ಸಾವಿರಾರು ಪುಟ್ಟ ಉಂಗುರಗಳು, ಕೆಲವು ಡಜನ್ ದೊಡ್ಡ ಉಂಗುರಗಳು ಸರಪಳಿಯ ಕೊಂಡಿಗಳಂತೆ ಹೆಣೆದುಕೊಂಡಿರುತ್ತವೆ. ಪುಟ್ಟ ಉಂಗುರಗಳು ಒಂದೊಂದಾಗಿ ಬಲೆಯಿಂದ ಕಳಚಿಕೊಂಡು, ನಕಲಾಗಿ, ಅದರ ಎದುರುಬದುರು ಅಂಚುಗಳಲ್ಲಿ ಮತ್ತೆ ಸೇರಿಕೊಳ್ಳುತ್ತವೆ.

ನನಗೆ ಬಹಳ ಸೊಗಸೆನಿಸುವುದು ಮುಂದಿನ ಹಂತ. ಈ ಬಲೆಯನ್ನು ಪ್ರೋಟೀನ್ ಎಳೆಗಳು, ಮೈಟೊಕಾಂಡ್ರಿಯದ ಎರಡೂ ಪೊರೆಗಳ ಮೂಲಕ, ಕಶಾಂಗದ ಬುಡಕ್ಕೆ ಬಿಗಿದಿರುತ್ತವೆ. ಹೊಸ ಕಶಾಂಗ ಬೆಳೆದು ಎರಡು ಬುಡಗಳು ದೂರ ಸರಿದಂತೆ ಬಲೆಯೂ ಎರಡಾಗಿ ಬೇರ್ಪಡುತ್ತದೆ. ಆ ಎಳೆಗಳ ಜೋಡಣೆ ತಪ್ಪಿದರೆ ಒಂದು ಮರಿಕೋಶಕ್ಕೆ ಇಡೀ ಬಲೆ ಹೋಗಿ, ಇನ್ನೊಂದು ಬರಿಗೈಯಲ್ಲಿ ಉಳಿಯಬಹುದು.